ಎಡ ಎಂಜಿನ್ನಿನ ಹುಟ್ಟಿದ ದಿನ

ಹೋದ ತಿಂಗಳು ಹೊಲಿಗೆ ಯಂತ್ರದ ಮೋಟರು ತೋರಿಸಲು ಬೈಕುಲ್ಲಾಕ್ಕೆ ಹೋಗಿದ್ದೆ. ಸ್ಟೇಷನ್ನಿನಿಂದ ಎರಡು ಗಲ್ಲಿ ದಾಟಿದರೆ ಸಣ್ಣ ಸಣ್ಣ ವರ್ಕ್‌ಶಾಪುಗಳ ಸಾಲು. ಅಲ್ಲೊಂದು ಕಡೆ ಇಬ್ಬರು ಸೇರಿ ಮರದ ಪೆಟ್ಟಿಗೆಯ ಮುಚ್ಚಳ ಕೀಳುತ್ತಿದ್ದರು. ಮೊಳೆ ಕಿರುಗುಟ್ಟಿ ಹಲಗೆ ಮೇಲೆದ್ದದ್ದೇ ತಡ, ಆ ವಾಸನೆ ಬಂತು. ಮೇಣ ಕರಗಿಸಿ ಎಣ್ಣೆಗೆ ಬೆರೆಸಿದಂಥ, ಸ್ವಲ್ಪ ಸಿಹಿ, ಸ್ವಲ್ಪ ಕಮಟು ವಾಸನೆ. ಯಂತ್ರಗಳಿಗೆ ತುಕ್ಕು ಹಿಡಿಯದಿರಲೆಂದು ಒಳಗೆಲ್ಲ ಸವರಿಡುವ ಎಣ್ಣೆ ಅದು. ಮೋಟರಿನ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. “ಕ್ಯಾ ಚಾಹಿಯೇ, ಮೌಸಿ?” ಎಂದ ಒಬ್ಬ. ನನಗೇನೂ ಬೇಡಪ್ಪ, ಪೆಟ್ಟಿಗೆಯ ಮೇಲಿನ ತಾರೀಖು ನೋಡಿಕೊಂಡು ಬರೆದಿಟ್ಟುಕೋ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹುಚ್ಚಿ ಎಂದುಕೊಳ್ಳುತ್ತಿದ್ದ.

ಆ ವಾಸನೆಯ ಹಿಂದೆ ಒಂದು ಮಳೆಗಾಲವಿದೆ.

ನಾನು ಜುಹೂ ಏರೋಡ್ರೋಮಿನ ಒಂದು ಹ್ಯಾಂಗರಿನಲ್ಲಿ ವಿಮಾನದ ದಾಖಲೆ ಬರೆಯುವವಳು. ಹಾರಿಸುವವಳಲ್ಲ, ರಿಪೇರಿ ಮಾಡುವವಳೂ ಅಲ್ಲ. ಯಾವ ಭಾಗವನ್ನು ಯಾವತ್ತು ಕೂರಿಸಿದರು, ಎಷ್ಟು ಗಂಟೆ ಹಾರಿತು, ಯಾವತ್ತು ಬಿಚ್ಚಬೇಕು ಎಂಬುದನ್ನೆಲ್ಲ ಲಾಗ್ ಬುಕ್ಕಿನಲ್ಲಿ ಬರೆಯುತ್ತೇನೆ. ಪ್ರತಿ ಹಾರಾಟಕ್ಕೆ ಮುಂಚೆ ‘ಎಲ್ಲವೂ ಮಿತಿಯೊಳಗಿದೆ’ ಎಂಬ ಒಂದು ಹಾಳೆಗೆ ಸಹಿ ಹಾಕಿ ಕೊಡುತ್ತೇನೆ. ಆ ಹಾಳೆ ನೋಡಿ ಎಂಜಿನಿಯರು ಸಹಿ ಹಾಕುತ್ತಾರೆ, ಅವರ ಸಹಿ ನೋಡಿ ಪೈಲಟ್ ಹತ್ತುತ್ತಾನೆ. ಈ ಕೆಲಸಕ್ಕೆ ಬೇಕಾದ ಅರ್ಹತೆ ಎಂದರೆ ದುಂಡನೆಯ ಅಕ್ಷರ ಮತ್ತು ಹೆದರಿಕೆ. ಎರಡನ್ನೂ ನಾನು ಧಾರವಾಡದಿಂದಲೇ ತಂದಿದ್ದೆ. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಅಂಟಿಸಿದ ತಪಾಸಣೆ ಚೀಟಿಯ ತಾರೀಖು ಓದದೆ ನಾನು ಗುಂಡಿ ಒತ್ತುವವಳಲ್ಲ. ಮಳೆಗಾಲದಲ್ಲಿ ಎರಡು ಛತ್ರಿ ಒಯ್ಯುತ್ತೇನೆ, ಒಂದು ಮುರಿದರೆ ಇನ್ನೊಂದಿರಲಿ ಎಂದು. ಲೋಕಲ್‌ನಲ್ಲಿ ಕೂರಲು ಸೀಟು ಸಿಕ್ಕರೂ ನನಗೆ ಗಾಬರಿ, ಇಷ್ಟು ಸುಲಭಕ್ಕೆ ಸಿಕ್ಕಿತೆಂದರೆ ತಪ್ಪು ಟ್ರೇನು ಹತ್ತಿರಬೇಕು ಎಂದು. “ನಿನಗ ಕಾಳಜಿ ಮಾಡ್ಲಿಕ್ಕೆ ಪಗಾರ ಕೊಡ್ತಾರ, ಭಾಗ್ಯವಂತಿ ನೀ. ನಾವೆಲ್ಲ ಪುಕ್ಕಟೆ ಮಾಡ್ತೀವಿ” ಎನ್ನುತ್ತಾರೆ ನಮ್ಮವರು.

ಆಗ ನಮ್ಮ ಕಂಪನಿಯಲ್ಲಿ ಇದ್ದದ್ದು ಒಂದೇ ವಿಮಾನ, ಆರು ಸೀಟಿನದು, ಎರಡು ಎಂಜಿನ್ನಿನದು. ಅದನ್ನು ಬಾಡಿಗೆಗೆ ಹಾರಿಸಿ ಒಂಬತ್ತು ಮಂದಿ ಬದುಕುತ್ತಿದ್ದೆವು. ಮಾಲೀಕರು ಕ್ಯಾಪ್ಟನ್ ಸಾವಂತ್, ಬೆಳಗಾವಿಯ ಮರಾಠಿ ಮನುಷ್ಯ. ಸಿಟ್ಟು ಬಂದರೆ ಹಿಂದಿಯಲ್ಲಿ ಬೈಯುತ್ತಿದ್ದರು, ಪುಸಲಾಯಿಸಬೇಕಾದಾಗ ಕನ್ನಡಕ್ಕೆ ಇಳಿಯುತ್ತಿದ್ದರು. ಹಾಗಾಗಿ ಅವರು ಕನ್ನಡ ಮಾತಾಡಿದರೆ ನಾನು ಹುಷಾರಾಗುತ್ತಿದ್ದೆ. ಎಂಜಿನಿಯರು ಸದಾಶಿವ ಪೂಜಾರಿ, ಉಡುಪಿ ಕಡೆಯವರು. ಅವರ ಅಣ್ಣಂದಿರು, ಮಾವಂದಿರು ಎಲ್ಲ ಮಾಟುಂಗದಲ್ಲಿ ಹೋಟೆಲು ನಡೆಸುತ್ತಾರೆ. “ಇಡೀ ಕುಟುಂಬ ಸಾಂಬಾರಿಗೆ ಕೈ ಹಾಕಿತು, ನಾನೊಬ್ಬ ಗ್ರೀಸಿಗೆ” ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಎಂಜಿನ್ನಿನ ಶಬ್ದ ಕೇಳಿಯೇ ಯಾವ ಸಿಲಿಂಡರು ಮುನಿಸಿಕೊಂಡಿದೆ ಎಂದು ಹೇಳಬಲ್ಲವರು.

ಇಂಥ ಎಂಜಿನ್ನಿಗೆ ಎರಡು ಬಗೆಯ ವಯಸ್ಸು. ಎರಡು ಸಾವಿರ ಗಂಟೆ ಹಾರಿದರೆ, ಇಲ್ಲವೇ ಹನ್ನೆರಡು ವರ್ಷ ಆದರೆ, ಯಾವುದು ಮೊದಲು ಬರುತ್ತದೋ ಅವತ್ತಿಗೆ ಅದನ್ನು ಕೆಳಗಿಳಿಸಿ ತಿರುಪು ತಿರುಪಾಗಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ಅದಕ್ಕೆ ಓವರ್‌ಹಾಲ್ ಎನ್ನುತ್ತಾರೆ. ಸ್ವಂತ ವಿಮಾನವನ್ನು ಸ್ವಂತಕ್ಕೆ ಹಾರಿಸುವ ಶ್ರೀಮಂತರಿಗೆ ಇದರಲ್ಲಿ ಒಂದಷ್ಟು ಸಡಿಲಿಕೆಯುಂಟು. ಎಂಜಿನ್ ಗಟ್ಟಿಯಿದೆ ಎಂದು ಆಗಾಗ ಪರೀಕ್ಷೆ ಮಾಡಿಸಿಕೊಂಡು ಮುಂದುವರಿಸಬಹುದು. ಆದರೆ ಅಪರಿಚಿತರನ್ನು ಬಾಡಿಗೆಗೆ ಕೂರಿಸಿಕೊಂಡು ಹಾರಿಸುವವರಿಗೆ ಮಿತಿಯೆಂದರೆ ಮಿತಿ. ಹನ್ನೆರಡು ವರ್ಷವನ್ನು ಎಣಿಸಬೇಕಾದದ್ದು ಹಿಂದಿನ ಓವರ್‌ಹಾಲ್ ಮುಗಿದು ಎಂಜಿನ್ ಮೇಜಿನಿಂದ ಇಳಿದ ದಿನದಿಂದ. ನಮ್ಮ ಕಂಪನಿಯ ಕೈಪಿಡಿಯಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು. ನಾನೇ ಟೈಪ್ ಮಾಡಿದ್ದೆ.

ಆ ವರ್ಷ ಮಳೆ ಜೂನ್ ಮೊದಲ ವಾರದಲ್ಲೇ ಹಿಡಿದುಕೊಂಡಿತು. ಅಂಧೇರಿಯ ಸಬ್‌ವೇ ದಿನ ಬಿಟ್ಟು ದಿನ ತುಂಬುತ್ತಿತ್ತು. ಮೋಡ ಇಳಿದರೆ ಜುಹೂದಲ್ಲಿ ನಮ್ಮಂಥ ಸಣ್ಣ ವಿಮಾನಗಳು ಏಳುವುದಿಲ್ಲ. ಮಳೆ ಬಿಡುವು ಕೊಟ್ಟ ದಿನ ಒಂದೋ ಎರಡೋ ಹಾರಾಟ, ಉಳಿದಂತೆ ಹ್ಯಾಂಗರಿನ ತಗಡಿನ ಮೇಲೆ ನೀರು ಬಡಿಯುವ ಸದ್ದು, ಚಹಾ, ಪೂಜಾರಿಯವರ ಅಣ್ಣ ಕಳಿಸುತ್ತಿದ್ದ ಗೋಳಿಬಜೆ. ಹಳೆಯ ಲಾಗ್ ಬುಕ್ಕುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾನು ಆ ಬಿಡುವಿನಲ್ಲಿ ಇಟ್ಟುಕೊಂಡಿದ್ದೆ.

ಜುಲೈ ತಿಂಗಳ ಒಂದು ಗುರುವಾರ ಎಡ ಎಂಜಿನ್ನಿನ ಪುಸ್ತಕ ಬಿಡಿಸಿದೆ. ಮೊದಲ ಪುಟದಲ್ಲಿ ನನ್ನದೇ ದುಂಡಗಿನ ಅಕ್ಷರ, ‘ಆರಂಭ’ ಎಂಬ ಕಡೆ ವಿಜಯದಶಮಿಯ ತಾರೀಖು. ಅದು ನಮ್ಮೆಲ್ಲರಿಗೂ ಬಾಯಿಪಾಠವಾಗಿದ್ದ ದಿನ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಎಂಜಿನ್ನನ್ನು ವಿಮಾನಕ್ಕೆ ಕೂರಿಸಿದ್ದು ದಸರೆಗೆ. ಚೆಂಡುಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಸಲ ಸ್ಟಾರ್ಟ್ ಮಾಡಿದ್ದರು. ಅವತ್ತಿನಿಂದ ಪ್ರತಿ ದಸರೆಗೂ ಬಲ ಎಂಜಿನ್ನಿಗೆ ಬರೀ ಪೂಜೆ, ಎಡದ್ದಕ್ಕೆ ಪೂಜೆಯೂ ಹುಟ್ಟುಹಬ್ಬವೂ. ಪೇಡೆ ತರುತ್ತಿದ್ದವಳು ನಾನೇ. “ನಮ್ಮ ಎಡದವಳಿಗೆ ಇವತ್ತು ಎಂಟು ತುಂಬ್ತು ಮಾರಾಯ್ರೆ” ಎಂದು ಪೂಜಾರಿ ಎಲ್ಲರಿಗೂ ಹಂಚುತ್ತಿದ್ದರು.

ಪುಸ್ತಕದ ಹಿಂಬದಿಯ ರಟ್ಟಿಗೆ ಒಂದು ಲಕೋಟೆ ಅಂಟಿಕೊಂಡಿತ್ತು. ತೇವಕ್ಕೆ ಮೆತ್ತಗಾಗಿತ್ತು. ಸ್ಕ್ಯಾನ್ ಮಾಡಲೆಂದು ಬಿಡಿಸಿ ತೆಗೆದೆ. ಹಿಂದಿನ ಓವರ್‌ಹಾಲ್ ಮುಗಿದದ್ದಕ್ಕೆ ಕೊಟ್ಟ ಪ್ರಮಾಣಪತ್ರ ಅದು. ತಾರೀಖು ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಆ ದಸರೆಗೂ ಹದಿನಾಲ್ಕು ತಿಂಗಳು ಹಿಂದಿನ ತಾರೀಖು.

ಆಮೇಲೆ ಎಲ್ಲ ನೆನಪಾಯಿತು. ಆ ಕಾಲಕ್ಕೆ ವಿಮಾನದ ರೆಕ್ಕೆ ರಿಪೇರಿಗೆ ಹೋಗಿತ್ತು. ಕಟ್ಟಿ ಬಂದ ಎಂಜಿನ್ನನ್ನು ಮರದ ಪೆಟ್ಟಿಗೆಯ ಸಮೇತ ಬೈಕುಲ್ಲಾದ ಒಂದು ಗೋಡೌನಿನಲ್ಲಿ ಇಟ್ಟಿದ್ದರು. ಒಂದು ಇಡೀ ಮಳೆಗಾಲ ಅದು ಅಲ್ಲಿ ಕೂತಿತ್ತು. ಪೆಟ್ಟಿಗೆ ತೆರೆದ ದಿನ ನಾನೂ ಇದ್ದೆ, ಅದೇ ಮೇಣದೆಣ್ಣೆಯ ವಾಸನೆ ಬಂದಿತ್ತು. ಸಿಲಿಂಡರುಗಳ ಬಾಯಿಗೆ ತಿರುಪಿಟ್ಟಿದ್ದ ಗಾಜಿನ ಬಿರಡೆಗಳೊಳಗಿನ ಹರಳು ತೇವ ಕುಡಿದು ನೀಲಿಯಿಂದ ಗುಲಾಬಿಯಾಗಿತ್ತು. ಅದು ಒಳಗೆ ತೇವ ಹೊಕ್ಕಿದ್ದರ ಗುರುತು ಎಂದು ತಿಳಿಯದೆ ‘ಏನ್ ಚೆಂದ ಅದ’ ಎಂದುಕೊಂಡಿದ್ದೆ. ಅಷ್ಟು ತಿಳಿವಳಿಕೆ ನನ್ನದು. ಪೂಜೆಯಾದ ದಿನವೇ ಅದರ ಜೀವ ಶುರುವಾದ ದಿನ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ. ಹಾರ ಹಾಕಿದ್ದರು, ಕಾಯಿ ಒಡೆದಿದ್ದರು, ನಾನು ತಾರೀಖು ಬರೆದೆ. ಆಡಿಟ್‌ಗೆ ಬಂದವರೂ ಮೊದಲ ಪುಟ ನೋಡಿ, ಅಕ್ಷರ ಎಷ್ಟು ಚೆಂದ ಎಂದು ಹೊಗಳಿ ಹೋಗುತ್ತಿದ್ದರು.

ಅಂದರೆ ದಸರೆಗೆ ಮುಗಿಯಬೇಕೆಂದು ನಾವೆಲ್ಲ ನಂಬಿದ್ದ ಹನ್ನೆರಡು ವರ್ಷ, ನಿಜಕ್ಕೂ ಹಿಂದಿನ ವರ್ಷದ ಆಗಸ್ಟಿನಲ್ಲೇ ಮುಗಿದಿತ್ತು. ಹನ್ನೊಂದು ತಿಂಗಳಿಂದ ನಾವು ಅವಧಿ ಮೀರಿದ ಎಂಜಿನ್ನಿನಲ್ಲಿ ಜನರನ್ನು ಕೂರಿಸಿ ಹಾರಿಸುತ್ತಿದ್ದೆವು. ಪ್ರತಿ ಸಲವೂ ‘ಮಿತಿಯೊಳಗಿದೆ’ ಎಂಬ ಹಾಳೆ, ಕೆಳಗೆ ನನ್ನ ಸಹಿ. ಅದರ ಕೆಳಗೆ, ನನ್ನನ್ನು ನಂಬಿ, ಪೂಜಾರಿಯವರ ಸಹಿ.

ಇಡೀ ಆಯುಷ್ಯ ಹೆದರಿ ಹೆದರಿ ತಯಾರಾದವಳು ನಾನು ಇಂಥ ಗಳಿಗೆಗೆ ಎದ್ದು ನಿಲ್ಲಬೇಕಿತ್ತು. ನಾನು ಲಕೋಟೆಯನ್ನು ಬ್ಯಾಗಿಗೆ ಹಾಕಿಕೊಂಡು ಐದೂ ಮೂವತ್ತಕ್ಕೆ ಮನೆಗೆ ಹೊರಟೆ. ಶುಕ್ರವಾರವೂ ಬಾಯಿ ಬಿಡಲಿಲ್ಲ. ಶನಿವಾರ ಮಳೆ ನಿಂತಿತು.

ಬಿಸಿಲು ಬಿತ್ತು, ಕೊಲ್ಹಾಪುರಕ್ಕೆ ಒಂದು ಟ್ರಿಪ್ಪೂ ಬಂತು. ಒಬ್ಬ ಅಜ್ಜಿ, ಮೊಣಕಾಲು ಆಪರೇಷನ್ ಆದವರು, ಜೊತೆಗೆ ಮಗಳು ಮತ್ತು ಇಬ್ಬರು ಮೊಮ್ಮಕ್ಕಳು. ಪೂಜಾರಿ ಹಾಳೆ ಕೇಳಿದರು. ನಾನು ಸಹಿ ಹಾಕಿ ಕೊಟ್ಟೆ. ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಅಲ್ಲಿದ್ದವರನ್ನೆಲ್ಲ ಬಿಟ್ಟು ನನ್ನನ್ನೇ ಕರೆದು ಕೇಳಿದರು: “ವಿಮಾನ ಚಾಂಗ್ಲಂ ಆಹೇ ನಾ, ಬಾಯಿ?” ಚೆನ್ನಾಗಿದೆ ತಾನೇ?

“ಹೋ ಆಜಿ” ಎಂದೆ. ಹೌದು ಅಜ್ಜಿ.

ವಿಮಾನ ಅವರನ್ನು ಇಳಿಸಿ ತಿರುಗಿ ಬಂದು ಜುಹೂದ ನೆಲ ಮುಟ್ಟುವ ತನಕ ನಾನು ಹ್ಯಾಂಗರಿನ ಬಾಗಿಲಲ್ಲೇ ನಿಂತಿದ್ದೆ. “ಎಂತ ಮೇಡಮ್, ಗಂಡ ಪರದೇಶಕ್ಕೆ ಹೋದ ಹಾಗೆ ನಿಂತಿದ್ದೀರಲ್ಲ?” ಎಂದು ಪೂಜಾರಿ ನಕ್ಕರು.

ಭಾನುವಾರ ನಮ್ಮವರಿಗೆ ಹೇಳಿದೆ. ಅವರು ಅವಲಕ್ಕಿಯ ತಟ್ಟೆ ಕೆಳಗಿಟ್ಟರು. “ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಘಾಟ್ಕೋಪರ್ ಸ್ಟೇಷನ್ನಿಂದ ತಿರುಗಿ ಬಂದಾಕಿ ನೀನು” ಎಂದರು. “ಇದಕ್ಕ ಮೂರು ದಿನ ಬೇಕಾತೇನು?”

ಸೋಮವಾರ ಬೆಳಿಗ್ಗೆ ಎಡ ಎಂಜಿನ್ನಿನ ಪುಸ್ತಕ, ಲಕೋಟೆ ತೆಗೆದುಕೊಂಡು ಸಾವಂತರ ಕೋಣೆಗೆ ಹೋದೆ. ಪೂಜಾರಿಯವರನ್ನೂ ಕರೆದೆ. ಹೇಳಿ ಮುಗಿಸುವಷ್ಟರಲ್ಲಿ ಸಾವಂತರು ಹಿಂದಿಯಲ್ಲಿ ಬೈದು ಮುಗಿಸಿ, ನೀರು ಕುಡಿದು, ಕನ್ನಡಕ್ಕೆ ಬಂದಿದ್ದರು.

“ಅಕ್ಕಾರ, ಕೂಡ್ರಿ. ದಸರಾಕ್ಕ ಹೆಂಗೂ ಈ ಎಂಜಿನ್ ಇಳಸ್ತೀವಿ. ಬದಲಿ ಎಂಜಿನ್ನಿಗೆ ಹೇಳಿ ಆಗೇತಿ. ಇನ್ನ ಎರಡೂವರಿ ತಿಂಗಳ ಮಾತು.”

“ಅವಧಿ ಮುಗದು ಹನ್ನೊಂದು ತಿಂಗಳಾತ್ರಿ.”

“ಹನ್ನೊಂದು ತಿಂಗಳು ಏನೂ ಆಗಿಲ್ಲ, ಎರಡೂವರಿ ತಿಂಗಳಾಗ ಏನಾಗತೈತಿ? ಗಣಪತಿ ಮುಗದ ಕೂಡ್ಲೆ ಕೊಂಕಣದ ಆಸ್ಪತ್ರಿ ಕೆಲಸ ಸುರು. ವಾರಕ್ಕ ಐದು ದಿನ ಡಾಕ್ಟರ್ ಮಂದೀನ ಒಯ್ದು ತರೂದು. ಮುಂದಿನ ತಿಂಗಳ ವಿಮಾನ ನೋಡಾಕ ಬರತಾರ. ನಿಂತ ವಿಮಾನ ತೋರಸ್ಲೇನು? ಒಂಬತ್ತು ಮಂದಿ ಮನಿ ಐತಿ ಇದರ ಮ್ಯಾಲ.”

ಅದು ನಿಜವಾಗಿತ್ತು. ಎರಡು ವರ್ಷದಿಂದ ಅವರು ಆ ಕೆಲಸದ ಬೆನ್ನು ಹತ್ತಿದ್ದರು. ಆಮೇಲೆ ಇನ್ನೊಂದು ದಾರಿ ತೆಗೆದರು: “ಬಾಡಿಗಿ ಅನ್ನೂದ ಬ್ಯಾಡ. ದಸರಾತನಕ ಪ್ರೈವೇಟ್ ಅಂತ ಮಾಡಸೂಣು. ಆವಾಗ ಸಡಿಲ ಐತಲ್ಲ? ಡಾಕ್ಟರ್ ಮಂದಿ ನನ್ನ ಗೆಸ್ಟ್.”

“ವಾರಕ್ಕ ಐದು ದಿನ ಬರೋ ಗೆಸ್ಟೇನ್ರಿ?”

ಪೂಜಾರಿ ಅಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಿದ್ದವರು ತಿರುಗಿದರು. “ಮೇಡಮ್, ಮೊನ್ನೆಯಷ್ಟೆ ಫಿಲ್ಟರ್ ಕತ್ತರಿಸಿ ನೋಡಿದ್ದೇನೆ, ಒಂದು ಲೋಹದ ಚೂರಿಲ್ಲ. ಸಿಲಿಂಡರಿನ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ್ದೇನೆ. ಅದು ಗಟ್ಟಿ ಉಂಟು. ಎಂಜಿನ್ನಿಗೆ ಕ್ಯಾಲೆಂಡರ್ ಗೊತ್ತುಂಟಾ?”

“ಎಂಜಿನ್ನಿಗೆ ಗೊತ್ತಿಲ್ರಿ. ನನಗ ಗೊತ್ತಾಗೇದಲ್ಲ.”

“ನಿಮ್ಮ ಒಂದು ತಾರೀಖಿಗೆ ನನ್ನ ಲೈಸೆನ್ಸು ಹೋಗ್ತದೆ, ಅದು ಗೊತ್ತುಂಟಾ?”

ಹನ್ನೆರಡು ವರ್ಷ ಒಂದೇ ಡಬ್ಬಿಯಿಂದ ಗೋಳಿಬಜೆ ತಿಂದವರು ನಾವು. ಆದರೆ ಯಾಕೋ ಏನೋ, ಹೆದರಿಕೆಯೆಲ್ಲ ಖರ್ಚಾಗಿ ಹೋಗಿ ತಳ ಕಂಡಂತಾಗಿತ್ತು. ಇಷ್ಟು ವರ್ಷ ಆಗದ್ದಕ್ಕೆಲ್ಲ ಹೆದರಿದೆ. ಆಗಬೇಕಾದ್ದು ಎದುರಿಗೇ ಬಂದಾಗ ನೋಡಿದರೆ ಅದು ಅಷ್ಟು ದೊಡ್ಡದೇನಾಗಿರಲಿಲ್ಲ, ಒಂದು ಕೋಣೆ, ಇಬ್ಬರು ಗಂಡಸರು, ಒಂದು ತಾರೀಖು. ಪುಸ್ತಕವನ್ನು ಸಾವಂತರ ಮೇಜಿನ ಮೇಲೆಯೇ ಬಿಡಿಸಿದೆ. ಲಾಗ್ ಬುಕ್ಕಿನಲ್ಲಿ ಅಳಿಸುವಂತಿಲ್ಲ, ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರುವಂತೆ. ವಿಜಯದಶಮಿಯ ಮೇಲೆ ಗೆರೆ ಎಳೆದು, ಸರಿಯಾದ ತಾರೀಖು ಬರೆದು, ಸಹಿ ಮಾಡಿದೆ.

“ಇದು ನಿಮ್ಮ ಕೊನೀ ಸಹಿ ಆಗಬಹುದು” ಎಂದರು ಸಾವಂತರು.

“ಆಗ್ಲಿ ಬಿಡ್ರಿ. ಅಕ್ಷರ ಚೆಂದ ಬಂದದ.”

ಎದ್ದು ಬಂದು ಕಪಾಟಿನಿಂದ ಕೆಂಪು ಚೀಟಿ ತೆಗೆದೆ, ‘ಬಳಕೆಗಿಲ್ಲ’ ಎಂಬ ಬಟ್ಟೆಯ ಚೀಟಿ. ನನ್ನ ನೌಕರಿಯಲ್ಲಿ ನಾನು ವಿಮಾನವನ್ನು ಮುಟ್ಟಿದವಳಲ್ಲ. ವಿಮಾನ ಹೊರಗೆ ನಿಂತಿತ್ತು, ಮತ್ತೆ ಮಳೆ ಹಿಡಿದಿತ್ತು. ಛತ್ರಿ ಬಿಚ್ಚಿದೆ, ಸಮುದ್ರದ ಗಾಳಿಗೆ ಉಲ್ಟಾ ಆಯಿತು. ಎರಡನೆಯದನ್ನು ತರಲು ವಾಪಸು ಹೋದರೆ ಧೈರ್ಯ ಇಳಿದೀತೆಂದು ಹಾಗೆಯೇ ನಡೆದೆ. ಎಡಗಡೆಯ ಪ್ರೊಪೆಲ್ಲರಿಗೆ ಚೀಟಿ ಕಟ್ಟಲು ಹೋದರೆ ದಾರ ಒದ್ದೆಯಾಗಿ ಜಾರುತ್ತಿತ್ತು. ಮೂರು ಸಲ ಬಿಚ್ಚಿಕೊಂಡಿತು. ಹಿಂದಿನಿಂದ ಯಾರೋ ಬಂದು ದಾರ ಕಸಿದುಕೊಂಡರು.

“ಗಂಟು ಹಾಕ್ಲಿಕ್ಕೂ ಬರುದಿಲ್ಲ, ವಿಮಾನ ನಿಲ್ಲಿಸ್ಲಿಕ್ಕೆ ಹೊರಟಿದ್ದಾರೆ” ಎಂದು ಪೂಜಾರಿ ಬಿಗಿಯಾಗಿ ಎರಡು ಸುತ್ತು ಹಾಕಿ ಕಟ್ಟಿದರು. ನನ್ನ ಮುಖ ನೋಡಲಿಲ್ಲ. ಆಮೇಲೆ ಎರಡು ವಾರ ಮಾತೂ ಆಡಲಿಲ್ಲ.

ಮಧ್ಯಾಹ್ನ ವಿಮಾನಯಾನ ಇಲಾಖೆಗೆ ವರದಿ ಕಳಿಸಬೇಕಿತ್ತು. ಫಾರಮ್ಮಿನಲ್ಲಿ ಒಂದು ಕಾಲಮ್ಮು, ‘ತಪ್ಪು ಗಮನಕ್ಕೆ ಬಂದ ದಿನ’. ಸಾವಂತರು ಬಾಗಿಲಲ್ಲಿ ನಿಂತು, “ಇವತ್ತಿನ ತಾರೀಖ ಹಾಕ್ರಿ, ಸೋಮವಾರ. ಅಷ್ಟಾದ್ರೂ ಮಾಡ್ರಿ” ಎಂದರು. ಬೆಳಿಗ್ಗೆ ಅಷ್ಟೆಲ್ಲ ಮೆರೆದವಳು ಮಧ್ಯಾಹ್ನಕ್ಕೆ ಸುಸ್ತಾಗಿದ್ದೆ. ಸೋಮವಾರ ಎಂದು ಬರೆದೆ.

ಮುಂದಿನದು ಬೇಗ ಬೇಗ ಆಯಿತು. ಆಸ್ಪತ್ರೆಯವರು ಬೇರೆ ಕಂಪನಿಗೆ ಹೋದರು. ಪೈಲಟ್‌ಗಳಿಬ್ಬರ ಜೊತೆ ಇನ್ನೂ ಇಬ್ಬರು ಬಿಟ್ಟರು, ಒಂಬತ್ತು ಮಂದಿಯಲ್ಲಿ ಐವರು ಉಳಿದೆವು. ಪೂಜಾರಿಯವರಿಗೆ ಎಚ್ಚರಿಕೆಯ ಪತ್ರ ಬಂತು, ಲೈಸೆನ್ಸು ಉಳಿಯಿತು. ನನ್ನ ಸಹಿಯ ಅಧಿಕಾರವನ್ನು ವಿಚಾರಣೆಯಾಗುವ ತನಕ ಅಮಾನತಿನಲ್ಲಿಟ್ಟರು. ದಿನವೂ ಮೆಟ್ರೋದಲ್ಲಿ ಹೋಗಿ, ಸಹಿ ಹಾಕಲಾಗದ ಮೇಜಿನ ಮುಂದೆ ಕೂತು ಬರುತ್ತಿದ್ದೆ. ಹ್ಯಾಂಗರಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಚಹಾಕ್ಕೆ ಕರೆಯಲೂ ಇಲ್ಲ.

ಸೆಪ್ಟೆಂಬರಿನ ಕೊನೆಗೆ, ಬಿಚ್ಚಿದ ಎಂಜಿನ್ನಿನ ವರದಿ ಬಂತು. ಸಾವಂತರು ಉಳಿದವರೆಲ್ಲರನ್ನೂ ಕರೆದು ಗಟ್ಟಿಯಾಗಿ ಓದಿದರು. ಸಿಲಿಂಡರುಗಳಲ್ಲಿ ತುಕ್ಕಿಲ್ಲ. ಶಾಫ್ಟಿನಲ್ಲಿ ಸವೆತವಿಲ್ಲ. ಬೇರಿಂಗುಗಳು ಹೊಸದರಂತಿವೆ. ಎರಡು ಪುಟವೂ ಹೀಗೆಯೇ. ಹದಿನಾಲ್ಕು ತಿಂಗಳು ಬೈಕುಲ್ಲಾದ ತೇವದಲ್ಲಿ ಕೂತೂ ಅದಕ್ಕೆ ಏನೂ ಆಗಿರಲಿಲ್ಲ. ನಾನು, ದೇವರಾಣೆಗೂ, ಒಂದು ಚುಕ್ಕೆ ತುಕ್ಕಾದರೂ ಇರಲಿ ಎಂದು ಹರಕೆ ಹೊತ್ತಿದ್ದೆ. ಸಾವಂತರು ಹಾಳೆ ಮಡಿಸಿ, “ಈಗೇನಂತೀರಿ ಅಕ್ಕಾರ?” ಎಂದರು.

“ಏನೂ ಇಲ್ರಿ. ನಾಳೆ ಇಂಥಾದ್ದ ಸಿಕ್ರ ಮತ್ತ ಕಟ್ಟತೀನಿ ಚೀಟಿ.”

“ನಾ ಕಟ್ಟಿದ್ದು ಅದು” ಎಂದರು ಪೂಜಾರಿ ಮೂಲೆಯಿಂದ. ಯಾರೋ ನಕ್ಕರು. ಅವತ್ತು ಅವರು ನನ್ನ ಮೇಜಿನ ಮೇಲೆ ಚಹಾ ತಂದಿಟ್ಟರು.

ವಿಚಾರಣೆ ಬಂದದ್ದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ. ಹಿಂದಿನ ದಿನ ಪೂಜಾರಿ ಬುದ್ಧಿ ಹೇಳಿದರು. ಶನಿವಾರದ ಕತೆಯನ್ನು ಅವರಿಗೆ ಆಗಷ್ಟೇ ಹೇಳಿದ್ದೆ. ಅವರು, “ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಬನ್ನಿ. ಸೋಮವಾರ ಅಂತ ಬರೆದಾಗಿದೆ, ಸೋಮವಾರವೇ ಇರ್ಲಿ. ಎಂಜಿನ್ ಗಟ್ಟಿ ಇತ್ತು, ಅಜ್ಜಿ ಮನೆ ಸೇರಿದ್ರು. ಇನ್ನೆಂತ ಬೇಕು ನಿಮಗೆ?” ಎಂದರು.

ವಿಚಾರಣೆಯ ಅಧಿಕಾರಿ ಒಬ್ಬ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಒಳ್ಳೆಯ ಮನಸ್ಸಿನವಳು. ಹಿಂದಿಯಲ್ಲೇ ಮಾತಾಡಿದೆವು. ಫೈಲು ತಿರುವಿ, ತಪ್ಪನ್ನು ನೀವೇ ಹುಡುಕಿದ್ದೀರಿ, ಹುಡುಕಿದ ದಿನವೇ ವಿಮಾನ ನಿಲ್ಲಿಸಿದ್ದೀರಿ, ಒಳಗೇನೂ ಕೆಟ್ಟಿರಲಿಲ್ಲ, ಹಾಗಾಗಿ ಇವತ್ತೇ ಅಮಾನತು ತೆಗೆಯಲು ಬರೆಯುತ್ತೇನೆ ಎಂದಳು. ಪೆನ್ನಿನ ಟೋಪಿ ತೆಗೆದಳು. ನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದದ್ದು ಆ ಪೆನ್ನಿಗೆ.

“ಹುಡುಕಿದ್ದು ಸೋಮವಾರವಲ್ಲ, ಮೇಡಮ್” ಎಂದೆ. “ಗುರುವಾರ. ಶನಿವಾರ ಗೊತ್ತಿದ್ದೂ ಸಹಿ ಹಾಕಿದೆ. ನಾಲ್ಕು ಮಂದಿ ಕೊಲ್ಹಾಪುರಕ್ಕೆ ಹೋದರು. ವಿಮಾನ ಚೆನ್ನಾಗಿದೆಯಾ ಎಂದು ಒಬ್ಬ ಅಜ್ಜಿ ಕೇಳಿದರು, ಹೌದು ಎಂದೆ.”

ಅವಳು ಬಾಗಿಲ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ. ದನಿ ತಗ್ಗಿಸಿ, “ಇದನ್ನು ನಿಮಗೆ ಯಾರೂ ಕೇಳಿಲ್ಲ. ಬರೆದುಕೊಂಡರೆ ಅಮಾನತು ಇನ್ನೂ ಆರು ತಿಂಗಳು ಮುಂದೆ ಹೋಗುತ್ತದೆ. ಎಂಜಿನ್ ಚೆನ್ನಾಗಿಯೇ ಇತ್ತಲ್ಲ, ಆಂಟೀ?” ಎಂದಳು.

“ಚೆನ್ನಾಗಿತ್ತು” ಎಂದೆ. “ಶನಿವಾರ ಅದು ನನಗೆ ಗೊತ್ತಿರಲಿಲ್ಲ. ಬರೆದುಕೊಳ್ಳಿ.”